ಓಯ್ವನ ಸೌನಾದಲ್ಲಿ ಮೊದಲು ಏಳುವವನು

ಓಯ್ವ ರೆಮೆಸ್ ಮೂವತ್ತನಾಲ್ಕು ವರ್ಷ ಬಿಡದೆ ಪ್ರಯಾಣ ಮಾಡಿ ಆರುನೂರು ಮೀಟರು ದೂರ ಮುಟ್ಟಿದವನು. ಇದು ನಾನು ಕಟ್ಟಿದ ಮಾತಲ್ಲ, ಅವನ ಹೆಂಡತಿ ಹೆಲ್ಲೆವಿಯದು. ದೊಡ್ಡ ಕೆರೆಯೊಂದರಲ್ಲಿರುವ ನಮ್ಮ ದ್ವೀಪಕ್ಕೂ ಆಚೆ ದಡಕ್ಕೂ ನಡುವೆ ಸರ್ಕಾರದ ಫೆರಿ ಓಡುತ್ತದೆ. ಕಾರು, ಹಾಲಿನ ಲಾರಿ, ಶಾಲೆಗೆ ಹೋಗುವ ಮಕ್ಕಳು, ವರ್ಷಕ್ಕೆರಡು ಸಲ ಶವದ ಗಾಡಿ, ಎಲ್ಲವನ್ನೂ ಅದೇ ದಾಟಿಸಬೇಕು. ಅದನ್ನು ನಡೆಸುತ್ತಿದ್ದವನು ಓಯ್ವ. ಹೋದ, ಬಂದ, ಹೋದ, ಬಂದ. ನಿವೃತ್ತಿಯ ದಿನ ಮೇಲಧಿಕಾರಿಯೊಬ್ಬರು, ಇನ್ನಾದರೂ ಎಲ್ಲಿಗಾದರೂ ಪ್ರವಾಸ ಹೋಗಿ ಬನ್ನಿ ಎಂದಾಗ, "ಪ್ರವಾಸ ಸಾಕಾಗಿದೆ" ಎಂದು ಹೇಳಿ ಕೇಕಿನ ಎರಡನೇ ತುಂಡು ತೆಗೆದುಕೊಂಡನಂತೆ.

ನಾನು ಆರ್ಮಸ್, ಅವನ ಪಕ್ಕದ ಮನೆಯವನು. ಪಕ್ಕ ಎಂದರೆ ನಡುವೆ ಒಂದು ಆಲೂಗಡ್ಡೆ ಹೊಲ ಮತ್ತು ಒಂದಿಷ್ಟು ಕಾಡು. ಪೋಸ್ಟ್‌ಮ್ಯಾನ್ ಆಗಿದ್ದೆನಾದ್ದರಿಂದ ದಿನಕ್ಕೆರಡು ಸಲ ಅವನ ಫೆರಿ ಹತ್ತುತ್ತಿದ್ದೆ. ಅವನಿಗಿಂತ ಹನ್ನೆರಡು ವರ್ಷ ಚಿಕ್ಕವನು. ನನ್ನ ತಲೆ ನೆರೆತು, ಹಲ್ಲು ಕಟ್ಟಿಸಿಕೊಂಡು, ಪಿಂಚಣಿ ಬರತೊಡಗಿದ ಮೇಲೂ ಅವನ ಪಾಲಿಗೆ ನಾನು ಹುಡುಗನೇ.

ಓಯ್ವನನ್ನು ತಿಳಿಯಬೇಕಾದರೆ ಫೆರಿ ನೋಡಿ ಪ್ರಯೋಜನವಿಲ್ಲ, ಅವನ ಸೌನಾ, ಅಂದರೆ ಹಬೆಸ್ನಾನದ ಮನೆ, ನೋಡಬೇಕು. ಕೆರೆಯ ದಂಡೆಯಲ್ಲಿ, ಮದುವೆಯಾದ ವರ್ಷ, ಮನೆಗಿಂತ ಮೊದಲು ಕಟ್ಟಿದ್ದು. ಹೊಸ ಹೆಂಡತಿಯನ್ನು ಆರು ತಿಂಗಳು ಅದರ ಬಟ್ಟೆ ಬಿಚ್ಚುವ ಕೋಣೆಯಲ್ಲೇ ಇರಿಸಿಕೊಂಡಿದ್ದ. ಆ ಮಾತನ್ನು ಹೆಲ್ಲೆವಿ ಇವತ್ತಿಗೂ ಬಿಟ್ಟಿಲ್ಲ. ಮರದ ದಿಮ್ಮಿಯ ಗೋಡೆ, ಮೂಲೆಯಲ್ಲಿ ಕಲ್ಲು ಪೇರಿಸಿದ ಸೌದೆ ಒಲೆ, ಪಕ್ಕದಲ್ಲಿ ಬಿಸಿನೀರಿನ ಹಂಡೆ, ಕೂರಲು ಮೆಟ್ಟಿಲಿನಂತೆ ಎರಡು ಹಲಗೆ. ಹೆಚ್ಚು ಬಿಸಿ ತಾಗುವ ಮೇಲಿನದು ದೊಡ್ಡವರಿಗೆ, ಕೆಳಗಿನದು ಮಕ್ಕಳಿಗೆ. ಹೊರಗೆ ಒಂದು ಸಣ್ಣ ಜಗಲಿ, ಅಲ್ಲಿಂದ ಹತ್ತು ಹೆಜ್ಜೆಗೆ ನೀರು. ಶನಿವಾರ ಸಂಜೆ ಐದಕ್ಕೆ ಅದರ ಹೊಗೆ ಕಾಣದಿದ್ದರೆ ಆಚೆ ದಡದವರು ಫೋನ್ ಮಾಡಿ ಕೇಳುತ್ತಿದ್ದರು.

ಅವನು ಹುಟ್ಟಿದ್ದೂ ಸೌನಾದಲ್ಲೇ. ಅವನ ತಾಯಿಯ ಕಾಲದಲ್ಲಿ ಹೆರಿಗೆಗೆ ಅದಕ್ಕಿಂತ ಬೆಚ್ಚಗಿನ, ಚೊಕ್ಕಟವಾದ ಜಾಗ ಯಾರ ಮನೆಯಲ್ಲೂ ಇರಲಿಲ್ಲ. "ಎಲ್ರೂ ಮೊದಲನೇ ಸಲ ಸೌನಾದ ಒಳಕ್ಕೆ ಹೋಗ್ತಾರೆ, ನಾನು ಮೊದಲನೇ ಸಲ ಹೊರಕ್ಕೆ ಬಂದೆ" ಎಂದು ಹೇಳಿಕೊಂಡು ತಿರುಗುತ್ತಿದ್ದ. ಈ ಹೆಚ್ಚುಗಾರಿಕೆಯಿಂದಲೋ ಏನೋ, ಯಾರೇ ಮೊದಲ ಸಲ ಸೌನಾಕ್ಕೆ ಹೋಗಬೇಕಾದರೂ ಅವರನ್ನು ಓಯ್ವನ ಹತ್ತಿರ ಕರೆತರುವುದು ದ್ವೀಪದ ರೂಢಿಯಾಯಿತು. ಮೂರು ತಿಂಗಳ ಕೂಸುಗಳು, ಪರದೇಶದ ಅಳಿಯಂದಿರು, ಸ್ಟ್ರಾಬೆರಿ ಕೀಳಲು ಬಂದ ಥಾಯ್ ಹೆಂಗಸರು (ಅವರನ್ನು ಹೆಲ್ಲೆವಿ ನೋಡಿಕೊಂಡಳು), ಎಲ್ಲರೂ ಬಂದರು. ನಮ್ಮ ಸಾವೊ ಸೀಮೆಯವರು ಬಾಯಿ ಬಿಟ್ಟರೆ ಅರ್ಥ ಮಾಡಿಕೊಳ್ಳುವ ಹೊಣೆ ಕೇಳಿದವನದು ಎನ್ನುತ್ತಾರೆ. ಆದರೆ ಸೌನಾದ ಬಾಗಿಲಲ್ಲಿ ಮಾತ್ರ ಓಯ್ವನ ಮಾತು ನೆಟ್ಟಗಿರುತ್ತಿತ್ತು: "ಉಂಗುರ ತೆಗೀರಿ. ಮೈ ತೊಳ್ಕೊಳ್ಳಿ. ಬಟ್ಟೆ ಹಾಸ್ಕೊಂಡು ಕೂತ್ಕೊಳ್ಳಿ. ಸಾಕು ಅನ್ನಿಸ್ದಾಗ ಎದ್ದು ಬನ್ನಿ, ಇದೇನು ಪರೀಕ್ಷೆಯಲ್ಲ."

ಸಾಕೆನಿಸಿದಾಗ ಏಳುವ ಈ ಸ್ವಾತಂತ್ರ್ಯ ಬಂದವರಿಗೆ ಮಾತ್ರ. ಮನೆಯವನಿಗಿಲ್ಲ. ಹಲಗೆಯ ಮೇಲೆ ಅತಿಥಿ ಇರುವವರೆಗೆ ಸೌನಾದ ಯಜಮಾನ ಏಳಬಾರದು. ಇದನ್ನು ನಮ್ಮಲ್ಲಿ ಯಾರೂ ಬರೆದಿಟ್ಟಿಲ್ಲ, ಆದರೆ ಓಯ್ವನಿಗೆ ಅದು ಕಲ್ಲಿನಲ್ಲಿ ಕೊರೆದ ಹಾಗೆ. "ಫೆರಿಯಿಂದ ಕೊನೇಲಿ ಇಳಿಯೋನು ಅದನ್ನ ನಡೆಸೋನೇ" ಎನ್ನುತ್ತಿದ್ದ.

ಆ ವರ್ಷ ಫೆಬ್ರವರಿಯಲ್ಲಿ ಸೌನಾದ ಸೂರಿನ ಮೇಲೆ ಹತ್ತಿ ಹಿಮ ಗೋರುತ್ತಿದ್ದವನಿಗೆ ಎದೆ ಹಿಡಿದುಕೊಂಡಿತು. ಏಣಿ ಇಳಿದು, ಸಲಿಕೆಯನ್ನು ಅದರ ಜಾಗದಲ್ಲಿ ತೂಗುಹಾಕಿ, ಆಮೇಲೆ ನೆಲದ ಮೇಲೆ ಮಲಗಿದನಂತೆ. ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಹೃದಯದ ನಾಳಕ್ಕೆ ಎರಡು ಸ್ಪ್ರಿಂಗು ಕೂರಿಸಿ ಉಳಿಸಿದರು. ಮುಂದಿನ ಆರೈಕೆ ನಮ್ಮ ಆರೋಗ್ಯ ಕೇಂದ್ರದ ಹೊಸ ಡಾಕ್ಟರದು. ಅವರು ಕೊಟ್ಟ ಹಾಳೆಯಲ್ಲಿ ಮಾತ್ರೆಗಳ ಹೆಸರಿನ ಕೆಳಗೆ ಒಂದು ಸಾಲಿತ್ತು: ನಾನು ತಿಳಿಸುವವರೆಗೆ ಸೌನಾ ಕೂಡದು.

ಓಯ್ವ ಸಿಗರೇಟು ಬಿಟ್ಟ, ಬೆಣ್ಣೆ ಬಿಟ್ಟ, ಉಪ್ಪು ಬಿಟ್ಟ, ಗೊಣಗಲಿಲ್ಲ. ಶನಿವಾರ ಬಂದಾಗ ಗೊಣಗಿದ. ಮನೆಯ ಬಚ್ಚಲಲ್ಲಿ ಷವರ್ ಇದೆ, ಅದರಡಿ ನಿಲ್ಲಿಸಿ ಹೆಲ್ಲೆವಿ ಬೆನ್ನುಜ್ಜಿದಳು. ಹೊರಗೆ ಬಂದವನ ಮುಖ ಸೋನೆಯಲ್ಲಿ ನೆನೆದ ಬೆಕ್ಕಿನಂತಿತ್ತು.

"ಕೊಳೆ ಹೋಯ್ತಲ್ಲ ಮುದುಕ, ಇನ್ನೇನು?" ಎಂದಳು.

"ಹೊರಗಿಂದು ಹೋಯ್ತು" ಎಂದ ಓಯ್ವ.

ಅವನ ಮೂಗಿನ ಮುಂದೆ ಹೊಗೆ ಎಬ್ಬಿಸಲು ಮನಸ್ಸಾಗದೆ ಹೆಲ್ಲೆವಿ ಆ ಸೌನಾಕ್ಕೆ ಬೆಂಕಿ ಹಾಕುವುದನ್ನೇ ನಿಲ್ಲಿಸಿದಳು. ಶನಿವಾರ ನನ್ನ ಮನೆಯದಕ್ಕೆ ಬಂದು ಹೋಗುತ್ತಿದ್ದಳು, ಕದ್ದು ತಿಂದವಳ ಹಾಗೆ. ಏಪ್ರಿಲಿನ ಒಂದು ಶನಿವಾರ ಅವನನ್ನು ಮಾತಾಡಿಸಿ ಬರೋಣವೆಂದು ಹೋದರೆ ಮನೆಯಲ್ಲಿಲ್ಲ. ಸೌನಾದ ಬಾಗಿಲು ಅರೆ ತೆರೆದಿತ್ತು. ಇಣುಕಿದೆ. ಒಲೆ ತಣ್ಣಗಿದೆ, ಕಿಟಕಿಯ ಗಾಜಿನ ಮೇಲೆ ಹಿಮದ ಹೂವು. ಓಯ್ವ ಟೊಪ್ಪಿಗೆ, ಕೋಟು, ಕೈಗವಸು ಹಾಕಿಕೊಂಡು ಮೇಲಿನ ಹಲಗೆಯ ಮೇಲೆ ತನ್ನ ಜಾಗದಲ್ಲಿ ಕೂತಿದ್ದಾನೆ. ಬೇರೆ ದಿನವಾಗಿದ್ದರೆ ಇದನ್ನು ಹೇಳಿ ಒಂದು ತಿಂಗಳು ನಗಿಸುತ್ತಿದ್ದೆ. ಅವತ್ತು ಒಳಗೆ ಹೋಗಿ ಬಾಗಿಲು ಎಳೆದುಕೊಂಡೆ.

"ಜೂನಿನ ನಡುಬೇಸಿಗೆ ಹಬ್ಬದ ಸೌನಾಕ್ಕೂ ಬಿಡ್ಲಿಲ್ಲ ಅಂದ್ರೆ ಏನ್ಮಾಡ್ಲಿ ಆರ್ಮಸ್?" ಎಂದು ಕೇಳಿದ. "ಹುಟ್ಟಿದ್ಮೇಲೆ ಒಂದು ಹಬ್ಬಾನೂ ತಪ್ಪಿಲ್ಲ. ಸ್ಪ್ರಿಂಗು ಹಾಕಿ ಬದುಕ್ಸಿದಾರೆ, ಸರಿ. ಬದುಕಿ ಎಲ್ಲಿ ಕೂರ್ಲಿ?"

ಕೆಳಗಿನ ಹಲಗೆಯ ಮೇಲೆ ಕೂತೆ. ಇಬ್ಬರ ಬಾಯಿಂದಲೂ ಉಸಿರಿನ ಹಬೆ ಬರುತ್ತಿತ್ತು, ಆವತ್ತು ಆ ಸೌನಾದಲ್ಲಿ ಅಷ್ಟೇ ಹಬೆ.

ಮೇ ತಿಂಗಳ ತಪಾಸಣೆಗೆ ಗಂಡ ಹೆಂಡತಿ ಇಬ್ಬರನ್ನೂ ಕಾರಿನಲ್ಲಿ ಕರೆದೊಯ್ದವನು ನಾನೇ. ಹೆಲ್ಲೆವಿಯ ಕಿವಿ ಮಂದ, ಓಯ್ವನಿಗೆ ತನಗೆ ಬೇಡದ್ದು ಕೇಳಿಸುವುದಿಲ್ಲ, ಅದಕ್ಕೆ ನಾನೂ ಒಳಗೆ ಹೋದೆ. ಡಾಕ್ಟರ್ ವಗೀಹ್ ಈಜಿಪ್ಟಿನ ಅಸ್ವಾನ್ ಊರಿನವರು. ನಲವತ್ತರ ಆಸುಪಾಸು, ದುಂಡು ಮುಖ, ಚಿನ್ನದ ಬಣ್ಣದ ಕನ್ನಡಕ. ನಮ್ಮ ಭಾಷೆಯನ್ನು ಪುಸ್ತಕದಿಂದ ಕಲಿತವರಾದ್ದರಿಂದ ಕೆಮ್ಮಿಗೆ ಸಿರಪ್ಪು ಬರೆದುಕೊಡುವಾಗಲೂ ರೇಡಿಯೋದಲ್ಲಿ ವಾರ್ತೆ ಓದಿದಂತಿರುತ್ತಿತ್ತು.

"ತಮ್ಮ ಹೃದಯದ ಸ್ಥಿತಿ ತೃಪ್ತಿಕರವಾಗಿದೆ" ಎಂದರು. "ನಡಿಗೆಯನ್ನು ಮುಂದುವರಿಸಿರಿ."

"ಸೌನಾ?" ಎಂದ ಓಯ್ವ.

"ಸದ್ಯಕ್ಕೆ ಬೇಡ. ಅಷ್ಟು ಉಷ್ಣತೆಯ ಅಗತ್ಯವಾದರೂ ಏನಿದೆ? ನಮ್ಮ ಊರಿನಲ್ಲಿ ನಾವು ಬಿಸಿಯಿಂದ ತಪ್ಪಿಸಿಕೊಳ್ಳಲು ಕೋಣೆ ಕಟ್ಟುತ್ತೇವೆ."

ಓಯ್ವ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ನಿಲ್ಲಿಸಿದ. "ಡಾಕ್ಟ್ರು ಸೌನಾದಲ್ಲಿ ಕೂತಿದೀರಾ?"

ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು. ಈ ದೇಶಕ್ಕೆ ಬಂದು ಎರಡು ವರ್ಷವಾಯಿತೆಂದೂ, ಅನೇಕರು ಕರೆದರೆಂದೂ, ಪ್ರತಿ ಸಲವೂ ನೆಗಡಿಯ ನೆಪ ಹೇಳಿದೆನೆಂದೂ ಒಪ್ಪಿಕೊಂಡರು.

"ಅಂದ್ರೆ ರುಚಿ ನೋಡ್ದೇನೇ ಉಪ್ಪು ಜಾಸ್ತಿ ಅಂದ್ರಿ."

"ಓಯ್ವ" ಎಂದು ಹೆಲ್ಲೆವಿ ಮೊಣಕೈಯಲ್ಲಿ ತಿವಿದಳು. ಅವಳಿಗೆ ಕೇಳಿಸಬೇಕಾದ್ದು ಕೇಳಿಸುತ್ತದೆ.

"ನಾನೇನು ಬೈತಾ ಇಲ್ಲ ಕಣೆ. ಶನಿವಾರ ಐದಕ್ಕೆ ಬನ್ನಿ ಡಾಕ್ಟ್ರೇ. ನಾನು ಒಳಗೆ ಕಾಲಿಡಲ್ಲ, ಹೊರಗೇ ಕೂತಿರ್ತೀನಿ. ಆರ್ಮಸ್ ನಿಮ್ಮನ್ನ ಕೂರಿಸ್ತಾನೆ. ನೋಡಿದ್ಮೇಲೆ ಬೇಡ ಅನ್ನಿ, ನಾನು ಉಸಿರೆತ್ತಲ್ಲ."

ಡಾಕ್ಟರಿಗೆ ನೆಗಡಿ ನೆನಪಾಗುವಷ್ಟರಲ್ಲಿ ಓಯ್ವ ಅವರ ಕೈ ಕುಲುಕಿ ಆಗಿತ್ತು.

ಶನಿವಾರ ಡಾಕ್ಟರು ಎರಡು ಚೀಲ ಹಿಡಿದು ಫೆರಿ ಇಳಿದರು. ಒಂದರಲ್ಲಿ ರಕ್ತದೊತ್ತಡ ಅಳೆಯುವ ಯಂತ್ರ. ಇನ್ನೊಂದರಲ್ಲಿ ಮೂರು ಟವೆಲು, ಈಜುವ ಚಡ್ಡಿ, ರಬ್ಬರ್ ಚಪ್ಪಲಿ, ಎರಡು ಬಾಟಲಿ ನೀರು, ಹೆಲ್ಲೆವಿಗೆಂದು ಒಂದು ಡಬ್ಬಿ ಖರ್ಜೂರ.

"ಸೌನಾಕ್ಕೆ ಬಂದ್ರಾ ಡಾಕ್ಟ್ರೇ, ಸಂಸಾರ ಹೂಡೋಕೆ ಬಂದ್ರಾ?" ಎಂದ ಓಯ್ವ. ಅವನು ಜಗಲಿಯ ಬೆಂಚಿನ ಮೇಲೆ ಉಣ್ಣೆಯ ಅಂಗಿ ತೊಟ್ಟು ಕೂತಿದ್ದ. ಪಕ್ಕದಲ್ಲಿ ಹೆಲ್ಲೆವಿ ಕಾಲುಚೀಲ ಹೆಣೆಯುತ್ತ ಕಾವಲಿದ್ದಳು. ಮೂರು ತಿಂಗಳ ಮೇಲೆ ಮೊದಲ ಸಲ ಅವನ ಸೌನಾದ ಹೊಗೆಕೊಳವೆ ಹೊಗೆಯಾಡುತ್ತಿತ್ತು, ಅದನ್ನು ಅವನು ಕಣ್ಣು ಮುಚ್ಚಿ ಮೂಸುತ್ತಿದ್ದ.

ಬಟ್ಟೆ ಬಿಚ್ಚುವ ಕೋಣೆಯಲ್ಲಿ ಮೊದಲ ಕಷ್ಟ ಎದುರಾಯಿತು.

"ಆರ್ಮಸ್ ಅವರೇ, ಚಡ್ಡಿಯನ್ನು ಧರಿಸಿಕೊಂಡಿರಬಹುದೇ?" ಎಂದು ಡಾಕ್ಟರು ಮೆಲ್ಲಗೆ ಕೇಳಿದರು. ಓಯ್ವನ ಕಿವಿ ಅವತ್ತು ಚುರುಕಾಗಿತ್ತು.

"ನೀವು ಸ್ನಾನಕ್ಕೆ ಕೋಟು ಹಾಕ್ಕೊಂಡು ಹೋಗ್ತೀರಾ?" ಎಂದು ಬಾಗಿಲಾಚೆಯಿಂದ ಕೂಗಿದ. "ಹೋಗ್ಲಿ ಬಿಡಿ, ನಿಮ್ಮಿಷ್ಟ. ನಾನಂತೂ ಮೊದಲನೇ ಸಲ ಏನೂ ಹಾಕ್ಕೊಂಡಿರ್ಲಿಲ್ಲ."

ಡಾಕ್ಟರು ಸ್ವಲ್ಪ ಹೊತ್ತು ಗೋಡೆ ನೋಡಿದರು. ನಾನು ಹುಟ್ಟಿದ ಹಾಗೆ ನಿಂತಿರುವುದನ್ನು ಓರೆಗಣ್ಣಿನಲ್ಲಿ ನೋಡಿದರು. ಕೊನೆಗೆ ಚಡ್ಡಿ ಚೀಲಕ್ಕೆ ಹೋಯಿತು.

"ಗಡಿಯಾರ, ಉಂಗುರ, ಕತ್ತಿನ ಸರ" ಎಂದು ಹೊರಗಿನಿಂದ ಪಟ್ಟಿ ಬಂತು. "ಕನ್ನಡಕಾನೂ ತೆಗೀರಿ. ಕಿವಿ ಮೇಲೆ ಬರೆ ಬೀಳತ್ತೆ, ನಾಳೆ ರೋಗಿಗಳು ಹೆಂಡ್ತಿ ಹೊಡೆದ್ಲು ಅಂದ್ಕೋತಾರೆ."

ಕನ್ನಡಕವಿಲ್ಲದ ಡಾಕ್ಟರನ್ನು ಕೈಹಿಡಿದು ಒಳಗೆ ಕರೆದುಕೊಂಡೆ. ಹಂಡೆಯ ನೀರು ಬೆರೆಸಿ ಮೈಮೇಲೆ ಸುರಿದುಕೊಂಡೆವು. ಹಲಗೆಯ ಮೇಲೆ ಹಾಸಲು ಒಂದೊಂದು ಬಟ್ಟೆ ಕೊಟ್ಟೆ. "ಮೊದಲನೇ ಸಲ ಕೆಳಗೆ ಕೂರೋದು ವಾಸಿ" ಎಂದೆ. ಆದರೆ ನಾನು ಅಭ್ಯಾಸಬಲದಿಂದ ಮೇಲೆ ಹತ್ತಿದೆ, ಅವರೂ ಹಿಂದೆಯೇ ಹತ್ತಿದರು. ಗೋಡೆಯ ಮಾಪಕ ಎಂಬತ್ತು ಡಿಗ್ರಿ ತೋರಿಸುತ್ತಿತ್ತು.

"ಇದು ಅಸ್ವಾನಿನ ಜೂನ್ ತಿಂಗಳಿಗಿಂತ ಕೊಂಚ ಹೆಚ್ಚು" ಎಂದರು ಡಾಕ್ಟರು ಧೈರ್ಯವಾಗಿ.

ಇನ್ನೂ ಹಬೆ ಎಬ್ಬಿಸಿಯೇ ಇಲ್ಲವೆಂದು ಅವರಿಗೆ ಗೊತ್ತಿರಲಿಲ್ಲ. ಸೌಟಿನಲ್ಲಿ ನೀರು ಮೊಗೆದು ಕಲ್ಲಿನ ಮೇಲೆ ಹಾಕಿದೆ. ಕಲ್ಲು ಭುಸ್ಸೆಂದಿತು, ಹಬೆ ಸೂರಿಗೇರಿ ಬೆನ್ನ ಹಿಂದಿನಿಂದ ಇಳಿದು ಬಂತು. ಡಾಕ್ಟರು ಎರಡೂ ಕಿವಿ ಮುಚ್ಚಿಕೊಂಡು ತಲೆಯನ್ನು ಮೊಣಕಾಲ ನಡುವೆ ತೂರಿಸಿದರು.

"ಅದು ಸೌಟಾ, ಚಮಚಾನಾ?" ಎಂದ ಹೊರಗಿನವನು. "ಕಲ್ಲಿನ ನಡುಮಧ್ಯಕ್ಕೆ ಹಾಕೋ. ಡಾಕ್ಟ್ರೇ, ಉಸಿರು ಜೋರಾಗಿ ಎಳೀಬೇಡಿ, ಬಾಯಲ್ಲಿ ಮೆಲ್ಲಗೆ."

ಎರಡನೇ ಸೌಟಿಗೆ ತಲೆ ಎತ್ತಿದರು. ಮೂರನೆಯದಕ್ಕೆ ಬೆವರು ಸುರಿಯತೊಡಗಿತು. ಬಿಸಿನೀರಿನಲ್ಲಿ ನೆನೆಸಿಟ್ಟಿದ್ದ ಬರ್ಚ್ ಸೊಪ್ಪಿನ ಕಟ್ಟು ತೆಗೆದು ಅವರ ಬೆನ್ನಿಗೆ ನಾಲ್ಕು ಬಾರಿಸಿದೆ.

"ಇದು ಯಾವುದಕ್ಕೆ ಶಿಕ್ಷೆ?" ಎಂದು ಕೇಳಿದರು.

"ಶಿಕ್ಷೆಯಲ್ಲ, ಮರ್ಯಾದೆ" ಎಂದೆ. ಸೊಪ್ಪಿನ ಪರಿಮಳಕ್ಕೆ ಮೂಗರಳಿಸಿ, ತಾವೇ ಕಟ್ಟು ಇಸಿದುಕೊಂಡು ತೊಡೆಗೆ ಹೊಡೆದುಕೊಂಡರು. ಹೊರಗೆ ಓಯ್ವ ಆ ಸದ್ದು ಕೇಳಿ ನಕ್ಕಿದ್ದು ನನಗೆ ಕೇಳಿಸಿತು.

ನಾಲ್ಕನೇ ಸೌಟಿನ ಮೇಲೆ ಡಾಕ್ಟರು ಮಾತು ನಿಲ್ಲಿಸಿದರು. ನಾನು ಮಾಡಿದ ತಪ್ಪು ಇಲ್ಲಿಯದು. ಅದನ್ನು ಈ ನೆಲದವನಲ್ಲದೆ ಬೇರೆ ಯಾರೂ ಮಾಡಲಾರರು. ನಮ್ಮಲ್ಲಿ ಹಲಗೆಯ ಮೇಲೆ ಸುಮ್ಮನೆ ಕೂತವನು ಸುಖವಾಗಿದ್ದಾನೆಂದೇ ಅರ್ಥ, ಬಾಯಿ ಬಿಟ್ಟರೆ ಏನೋ ಕೊರತೆ. ಪರವಾಗಿಲ್ಲ, ಅಸ್ವಾನಿನ ಗಂಡಸು, ಚೆನ್ನಾಗಿ ಒಗ್ಗಿಕೊಂಡ ಎಂದು ಮೆಚ್ಚಿ ಇನ್ನೊಂದು ಸೌಟು ಹಾಕಿದೆ. ಅವರು ಇನ್ನೂ ಮೌನವಾದರು. ನಾನು ಇನ್ನೂ ಮೆಚ್ಚಿದೆ. ಆರನೇ ಸೌಟಿಗೆ ನನಗೇ ಕಣ್ಣು ಮಂಜಾಗತೊಡಗಿತು. ಎದ್ದು ಹೋಗೋಣವೆಂದರೆ ಓಯ್ವನ ಬದಲಿಗೆ ಯಜಮಾನನಾಗಿ ಕೂತವನು ನಾನು, ಅತಿಥಿ ಅಲ್ಲಾಡುತ್ತಿಲ್ಲ. ಏಳನೆಯದನ್ನು ಹಾಕಿದ್ದು ಬಿಂಕಕ್ಕೆ.

ಹೊರಗೆ ಆದದ್ದನ್ನು ಆಮೇಲೆ ಹೆಲ್ಲೆವಿ ಹೇಳಿದಳು. ಓಯ್ವ ಬೆಂಚಿನ ತುದಿಗೆ ಸರಿದು ಕೂತಿದ್ದನಂತೆ.

"ಏಳನೇ ಸೌಟು. ಬಾಗಿಲು ಸದ್ದಾಗ್ಲಿಲ್ಲ" ಎಂದ.

"ಡಾಕ್ಟ್ರಿಗೆ ಹಿಡಿಸಿರ್ಬೇಕು ಬಿಡು."

"ಡಾಕ್ಟ್ರಿಗೆ ಹಿಡಿಸಿದ್ರೂ ಆರ್ಮಸ್‌ಗೆ ಹಿಡಿಸಿಲ್ಲ. ನೀರು ಕಲ್ಲಿಗೆ ಬೀಳ್ತಿಲ್ಲ, ನೆಲಕ್ಕೆ ಬೀಳ್ತಿದೆ, ಕೈ ನಡುಗ್ತಿದೆ ಅವನಿಗೆ. ಇಬ್ರೂ ಮರ್ಯಾದೆಗೆ ಸಾಯ್ತಾ ಇದಾರೆ ಕಣೆ."

"ನೀನು ಒಳಗೆ ಕಾಲಿಟ್ರೆ ಕಾಲು ಮುರೀತೀನಿ" ಎಂದಳಂತೆ ಹೆಲ್ಲೆವಿ. ಅಷ್ಟರಲ್ಲಿ ಅವನು ಎದ್ದಾಗಿತ್ತು.

ಬಾಗಿಲು ತೆರೆಯಿತು. ಬೂಟು, ಉಣ್ಣೆ ಅಂಗಿ, ಟೊಪ್ಪಿಗೆಯ ಸಮೇತ ಓಯ್ವ ಹೊಸ್ತಿಲ ಮೇಲೆ ನಿಂತಿದ್ದ. ನಮ್ಮಿಬ್ಬರ ಮುಖ ನೋಡಿದ. ಏನಾಯ್ತು ಎಂದು ಕೇಳಲಿಲ್ಲ, ಗದರಲಿಲ್ಲ.

"ಡಾಕ್ಟ್ರೇ, ಕಾಫಿ ಆರಿಹೋಗ್ತಿದೆ. ಈಗ ಬರ್ದಿದ್ರೆ ಹೆಲ್ಲೆವಿ ನನ್ನನ್ನ ಬೈತಾಳೆ" ಎಂದ.

ಕಾಫಿಗೆ ಇನ್ನೂ ನೀರೇ ಇಟ್ಟಿರಲಿಲ್ಲ. ಆದರೆ ಮನೆಯೊಡತಿ ಬೈಯುತ್ತಾಳೆಂದ ಮೇಲೆ ಯಾವ ದೇಶದ ಗಂಡಸಿಗೂ ಏಳಲು ಅವಮಾನವಿಲ್ಲ. ಡಾಕ್ಟರು ಎದ್ದರು, ನಾನು ಅವರನ್ನು ಹಿಡಿದುಕೊಂಡೆನೋ ಅವರು ನನ್ನನ್ನೋ ತಿಳಿಯದು, ಇಬ್ಬರೂ ಬೆಂದ ಬೀಟ್‌ರೂಟಿನ ಬಣ್ಣದಲ್ಲಿ ಹೊರಬಿದ್ದೆವು. ಹೆಲ್ಲೆವಿ ಹೆಣಿಗೆಯಿಂದ ತಲೆ ಎತ್ತದೆ ಎರಡು ಟವೆಲು ಎಸೆದಳು.

"ಕೆರೆಗೆ ಬೀಳ್ಲೇಬೇಕಂತಿಲ್ಲ, ಪಾದ ಅದ್ದಿದ್ರೂ ಸಾಕು" ಎಂದ ಓಯ್ವ. ಡಾಕ್ಟರು ಕೇಳಿಸಿಕೊಳ್ಳಲಿಲ್ಲ. ಟವೆಲು ಬಿಸಾಕಿ ದಂಡೆಯ ಏಣಿ ಹಿಡಿದು ನೇರ ಇಳಿದರು, ಕತ್ತಿನವರೆಗೆ. ಹಿಮಗಡ್ಡೆ ಕರಗಿ ಹದಿನೈದು ದಿನವಾಗಿತ್ತಷ್ಟೆ. ನೀರಿನೊಳಗಿಂದ ಅವರ ಭಾಷೆಯಲ್ಲಿ ಒಂದು ಉದ್ದನೆಯ ಮಾತು ಬಂತು. ಅರ್ಥವನ್ನು ಯಾರೂ ಕೇಳಲಿಲ್ಲ.

ಆಮೇಲೆ ಜಗಲಿಯ ಮೇಲೆ ನಾಲ್ವರೂ ಕೂತೆವು. ಡಾಕ್ಟರ ಹೆಗಲಿಂದ ಹಬೆ ಏಳುತ್ತಿತ್ತು. ಹೆಲ್ಲೆವಿ ಕಲ್ಲಿನ ಮೇಲೆ ಸುಟ್ಟ ಸಾಸೇಜು, ಸಾಸಿವೆ, ಉಪ್ಪಿನಲ್ಲಿ ನೆನೆದ ಸೌತೆಕಾಯಿ ತಂದಿಟ್ಟಳು, ಕೊನೆಗೆ ನಿಜವಾದ ಕಾಫಿಯನ್ನೂ.

"ನನಗೆ ಈಗ ಯಾವ ಚಿಂತೆಯೂ ನೆನಪಾಗುತ್ತಿಲ್ಲ" ಎಂದರು ಡಾಕ್ಟರು ಆಶ್ಚರ್ಯದಿಂದ. "ಬೆಳಿಗ್ಗೆ ನಾಲ್ಕಿದ್ದವು."

"ಮತ್ತೆ ಅಷ್ಟು ಹೊತ್ತು ಯಾಕೆ ಕೂತ್ರಿ? ಪ್ರಾಣ ಹೋಗ್ತಿತ್ತಲ್ಲ" ಎಂದೆ.

"ಮನೆಯ ಯಜಮಾನ ಏಳುವ ಮುನ್ನ ಅತಿಥಿ ಏಳುವುದು ನಮ್ಮಲ್ಲಿ ಅವಮಾನ. ತಾವೇಕೆ ಏಳಲಿಲ್ಲ?"

"ಅತಿಥಿಗಿಂತ ಮೊದ್ಲು ಯಜಮಾನ ಎದ್ರೆ ನಮ್ಮಲ್ಲಿ ಅವಮಾನ."

"ಚೆನ್ನಾಗಿದೆ" ಎಂದಳು ಹೆಲ್ಲೆವಿ. "ಇಬ್ರನ್ನೂ ಒಂದೇ ಗುಂಡೀಲಿ ಮಲಗ್ಸಿ, ಭಾರಿ ಮರ್ಯಾದಸ್ಥರು ಅಂತ ಕಲ್ಲು ನೆಡ್ಬೋದಿತ್ತು."

ಡಾಕ್ಟರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಓಯ್ವನ ಕಡೆ ತಿರುಗಿದರು. "ತಾವು ಸಾಮಾನ್ಯವಾಗಿ ಎಷ್ಟು ಹೊತ್ತು ಕೂರುವಿರಿ?"

"ಬಂದೋರು ಏಳೋವರ್ಗೂ."

"ಬಂದವರು ಏಳದಿದ್ದರೆ?"

ಉತ್ತರವನ್ನು ಹೆಲ್ಲೆವಿ ಕೊಟ್ಟಳು. "ಜರ್ಮನಿಯೋನೊಬ್ಬ ಬಂದಿದ್ದ. ನಲವತ್ತು ನಿಮಿಷ ಕೂತ. ಇವ್ನೂ ಕೂತ. ಇವ್ನನ್ನ ಈಚೆಗೆ ತರೋಕೆ ಮೀನಿನ ಬಲೆ ತರೋಣ ಅಂದ್ಕೊಂಡಿದ್ದೆ."

ಡಾಕ್ಟರು ಯಂತ್ರ ತೆಗೆದು ಓಯ್ವನ ತೋಳಿಗೆ ಕಟ್ಟಿದರು, ನಾಡಿ ಹಿಡಿದರು. ಓಯ್ವ ಉಸಿರು ಬಿಗಿಹಿಡಿದಿದ್ದ. ಡಾಕ್ಟರು ಉಸಿರಾಡಲು ಹೇಳಬೇಕಾಯಿತು. ಹೆಲ್ಲೆವಿಯ ಕೈಯಲ್ಲಿ ಸೂಜಿಗಳು ನಿಂತಿದ್ದವು.

"ಜೂನಿನ ಹಬ್ಬದ ದಿನದಿಂದ" ಎಂದರು ಡಾಕ್ಟರು ಕೊನೆಗೆ. "ಹದವಾದ ಬಿಸಿ. ಕೆರೆಗೆ ಧುಮುಕುವಂತಿಲ್ಲ. ಒಬ್ಬರೇ ಕೂರುವಂತಿಲ್ಲ, ಆರ್ಮಸ್ ಅವರು ಜೊತೆಗಿರಬೇಕು. ಮತ್ತು ಕೆಳಗಿನ ಹಲಗೆ."

"ಕೆಳಗಿಂದು ಮಕ್ಕಳದು" ಎಂದ ಓಯ್ವ.

"ತಮ್ಮ ಹೃದಯಕ್ಕೆ ಈಗ ಮೂರು ತಿಂಗಳು ವಯಸ್ಸು."

ಓಯ್ವ ಒಂದು ಸೌತೆಕಾಯಿ ತುಂಡು ಪೂರ್ತಿ ಅಗಿದು ನುಂಗಿದ. ಆಮೇಲೆ, "ಆ ಹಲಗೇನ ಚೆನ್ನಾಗಿ ಉಜ್ಬೇಕು ಹಾಗಾದ್ರೆ" ಎಂದು ಎದ್ದು ಬ್ರಷ್ ಹುಡುಕಲು ಹೋದ. ಅವನ ಕಣ್ಣು ತುಂಬಿತ್ತು. ಅದನ್ನು ನಾವು ಕಾಣಬಾರದೆಂದೇ ಹೋದದ್ದು.

ಡಾಕ್ಟರನ್ನು ಫೆರಿಯವರೆಗೆ ಬಿಟ್ಟುಬರಲು ಹೊರಟೆ. ಆಲೂಗಡ್ಡೆ ಹೊಲ ದಾಟಿದ ಮೇಲೆ ಅವರು ನಿಂತರು.

"ನನಗೆ ಬಿಸಿಯ ಭಯವಿಲ್ಲ. ಆ ಮನುಷ್ಯನ ಸೌಜನ್ಯದ ಭಯವಿದೆ. ಅವರು ಎಂದಿಗೂ ತಾವಾಗಿ ಏಳುವುದಿಲ್ಲ. ಆದ್ದರಿಂದ ತಾವು ಏಳಬೇಕು. ಮೂರು ಸೌಟು, ಅಷ್ಟೇ. ಬಿಸಿ ತಡೆಯಲಾಗುತ್ತಿಲ್ಲ ಎಂದು ಹೇಳಿ ಎದ್ದುಬಿಡಬೇಕು. ಪ್ರತಿ ಶನಿವಾರವೂ."

"ನಾನಾ?" ಎಂದೆ. ದ್ವೀಪದಲ್ಲಿ ನನ್ನನ್ನು ಮೇಲಿನ ಹಲಗೆಯ ಆರ್ಮಸ್ ಎನ್ನುತ್ತಿದ್ದರು. ನಲವತ್ತು ವರ್ಷದಲ್ಲಿ ನನಗಿಂತ ಹೆಚ್ಚು ಹೊತ್ತು ಕೂತ ಗಂಡಸು ಓಯ್ವ ಒಬ್ಬನೇ. "ಅವನಿಗೆ ನೇರವಾಗಿ ಹೇಳ್ಬಿಡಿ ಡಾಕ್ಟ್ರೇ, ಇಷ್ಟೇ ಹೊತ್ತು ಅಂತ."

"ಹೇಳಿದರೆ ಅವರು ಗಡಿಯಾರದೊಂದಿಗೆ ಜಗಳವಾಡುತ್ತಾರೆ. ಅತಿಥಿಯೊಂದಿಗೆ ಆಡುವುದಿಲ್ಲ. ಇದು ಅವರಿಗೆ ತಿಳಿಯಕೂಡದು."

"ಅಂದ್ರೆ ಔಷಧಿ ಅವನಿಗೆ, ಕಹಿ ನನಗೆ."

"ಹೌದು" ಎಂದು ಡಾಕ್ಟರು ಫೆರಿ ಹತ್ತಿದರು.

ಹಬ್ಬದ ಸಂಜೆ ಓಯ್ವ ಕೆಳಗಿನ ಹಲಗೆಯ ಮೇಲೆ ಕೂತ. ಮೊಣಕಾಲು ಎದೆಗೆ ತಾಗುತ್ತಿತ್ತು. ನೀನು ಮೇಲೆ ಹತ್ತೋ ಎಂದ. ಮಂಡಿ ನೋವೆಂದು ಸುಳ್ಳು ಹೇಳಿ ಪಕ್ಕದಲ್ಲೇ ಕೂತೆ. ಮೊದಲ ಸೌಟಿನ ಹಬೆ ಮೈಗೆ ತಾಗಿದಾಗ ಅವನು ಬಿಟ್ಟ ಉಸಿರು ಫೆಬ್ರವರಿಯಿಂದ ಒಳಗೆ ಹಿಡಿದಿಟ್ಟುಕೊಂಡಿದ್ದೇ ಇರಬೇಕು. ನನಗೂ ಸಂತೋಷವಾಯಿತು, ಅಳು ಬರುವಷ್ಟು. ಎರಡು, ಮೂರು ಎಂದು ಎಣಿಸಿದೆ. ಹಲ್ಲು ಕಚ್ಚಿ ಎದ್ದೆ.

"ಬಿಸಿ ಜಾಸ್ತಿ ಆಯ್ತು ಕಣೋ, ತಡೆಯೋಕಾಗಲ್ಲ."

ಓಯ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. "ಮೂರಕ್ಕೇ? ಈಗಿನ ಹುಡುಗ್ರ ಮೈಯಲ್ಲಿ ಏನೂ ಉಳಿದಿಲ್ಲ" ಎಂದು, ಅತಿಥಿ ಎದ್ದ ಮೇಲೆ ತನಗೇನು ಕೆಲಸವೆಂದು ಹಿಂದೆಯೇ ಹೊರಗೆ ಬಂದ.

ಸೋಮವಾರದ ಹೊತ್ತಿಗೆ ಸುದ್ದಿ ಎರಡೂ ದಡದಲ್ಲಿತ್ತು. ಎದೆಯಲ್ಲಿ ಸ್ಪ್ರಿಂಗು ಇಟ್ಟುಕೊಂಡ ಮುದುಕನ ಮುಂದೆ ಆರ್ಮಸ್ ಕೆಳಗಿನ ಹಲಗೆಯಿಂದಲೇ ಓಡಿದನಂತೆ. ನನ್ನ ಹೆಸರು ಮೂರು ಸೌಟಿನ ಆರ್ಮಸ್ ಎಂದಾಯಿತು. ಫೆರಿ ನಡೆಸುವ ಹೊಸಬ ಬೇಸಿಗೆಯಲ್ಲಿ ಕಾರಿನ ಕಿಟಕಿ ಇಳಿಸಿಕೊಳ್ಳಿ, ಸೆಖೆಯಾದೀತು ಎನ್ನುತ್ತಾನೆ. ನನ್ನ ಸ್ವಂತ ಅಳಿಯ ನಕ್ಕಿದ್ದಾನೆ. ನಾಲ್ಕು ವರ್ಷ ಪ್ರತಿ ಶನಿವಾರ ಹೀಗೆ ಸೋತೆ, ಸೋತು ಸೋತು ಅದೂ ಒಂದು ಕಸುಬಾಯಿತು. ಗೆದ್ದವನ ಬಣ್ಣವೂ ತೂಕವೂ ವಾಪಸು ಬಂದವು. ಡಾಕ್ಟರು ತಿಂಗಳಿಗೊಮ್ಮೆ ಬಂದು ಮೇಲಿನ ಹಲಗೆಯ ಮೇಲೆ ಕೂತು, ಸಾಕೆನಿಸಿದ ಕೂಡಲೇ ಎದ್ದು ಹೋಗುತ್ತಾರೆ.

ಹೋದ ಜನವರಿಯ ಒಂದು ಶನಿವಾರ ಬೆಳಿಗ್ಗೆ ಸ್ವೀಡನ್ನಿನಿಂದ ಫೋನ್ ಬಂತು, ಅಕ್ಕ ತೀರಿಕೊಂಡಳೆಂದು. ಇದ್ದ ಒಬ್ಬಳೇ ಅಕ್ಕ. ಸಂಜೆ ಬೇರೆಲ್ಲೂ ಹೋಗಲು ತೋಚದೆ ಓಯ್ವನ ಸೌನಾಕ್ಕೆ ಹೋದೆ, ಸುದ್ದಿ ಹೇಳಿದೆ. ಅವನು ಹೆಗಲ ಮೇಲೆ ಒಂದು ಸಲ ಕೈಯಿಟ್ಟ, ಸೌಟು ತಾನೇ ತೆಗೆದುಕೊಂಡ. ಅಕ್ಕ ನನ್ನನ್ನು ಎತ್ತಿಕೊಂಡು ಕೆರೆಗೆ ಇಳಿಸುತ್ತಿದ್ದುದು, ಅವಳ ಜಡೆ, ಏನೇನೋ ಕಣ್ಣ ಮುಂದೆ ಬಂತು. ಸೌಟು ಎಣಿಸಲಿಲ್ಲ. ಎಣಿಸಬೇಕೆಂಬುದೇ ಮರೆತುಹೋಗಿತ್ತು. ಎಷ್ಟು ಹೊತ್ತಾಯಿತೋ, ಪಕ್ಕದಲ್ಲಿ ಉಸಿರು ಭಾರವಾದದ್ದು ಕೇಳಿಸಿತು. ತಿರುಗಿದೆ. ಓಯ್ವ ಹಲಗೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ, ತುಟಿ ಬಿಳಚಿಕೊಂಡಿತ್ತು. ನೀರಿನ ಬಕೆಟ್ಟು ಮುಕ್ಕಾಲು ಖಾಲಿಯಾಗಿತ್ತು.

ಅವನು ನನ್ನ ಕಡೆ ನೋಡಲಿಲ್ಲ. ಕಲ್ಲಿನ ಕಡೆ ನೋಡುತ್ತಲೇ, ತುಂಬ ಮೆಲ್ಲಗೆ ಕೇಳಿದ.

"ಆರ್ಮಸ್, ನಿನಗೆ ಇವತ್ತು ಸೆಖೆ ಆಗ್ಲಿಲ್ವೇನೋ?"

ಅಂದರೆ ಅವನಿಗೆ ಗೊತ್ತಿತ್ತು. ಎಂದಿನಿಂದಲೋ, ಬಹುಶಃ ಆ ಮೊದಲ ಹಬ್ಬದಿಂದಲೇ. ಗೊತ್ತಿದ್ದೂ ನಾಲ್ಕು ವರ್ಷ ನನ್ನನ್ನು ಹೀಯಾಳಿಸಿ ಹಿಂದೆಯೇ ಎದ್ದು ಬಂದಿದ್ದ. ಇವತ್ತು ಅಳುತ್ತ ಕೂತ ಅತಿಥಿಯನ್ನು ಎಬ್ಬಿಸಬಾರದೆಂದು ಪ್ರಾಣ ಹಿಡಿದುಕೊಂಡು ಕಾದಿದ್ದ. ನನಗೆ ಅಷ್ಟು ಭಯ ಎಂದೂ ಆಗಿರಲಿಲ್ಲ.

"ಆಗ್ತಿದೆ ಕಣೋ, ತಡೆಯೋಕಾಗ್ತಿಲ್ಲ" ಎಂದು ಎದ್ದೆ. ಅವನ ಕೈ ನನ್ನ ಕೈಯಲ್ಲಿತ್ತು. ಜಗಲಿಯ ಮೇಲೆ ಕೂರಿಸಿ, ಹಿಮ ತೆಗೆದು ಹಣೆಗೆ ಒತ್ತಿದೆ. ಬಣ್ಣ ಮೆಲ್ಲಗೆ ತಿರುಗಿ ಬಂತು.

ಮರುದಿನ ಹಾಲು ತರಲು ಅಂಗಡಿಗೆ ಹೋದೆ. ಅಂಗಡಿಯ ರೌನಿ ನನ್ನ ಅಕ್ಕನ ಸುದ್ದಿ ಕೇಳಿ ಮರುಗಿದಳು, ಆಮೇಲೆ ಮುಖದಲ್ಲಿ ನಗು ತಡೆಯಲಾಗದೆ ಕೇಳಿದಳು.

"ನಿನ್ನೆ ಎರಡೇ ಸೌಟಿಗೆ ಎದ್ದು ಓಡಿದ್ರಂತೆ? ಓಯ್ವ ಬಂದಿದ್ದ, ಎಲ್ರಿಗೂ ಹೇಳ್ತಾ ಇದ್ದ."

"ಹೌದಮ್ಮ" ಎಂದೆ. "ಎರಡಕ್ಕೇ."